ಕುಣಿಯಿಲ್ಲದ ಮಗ್ಗ

ನಾನು ಒಂದು ಮಗ್ಗ. ಕಮತಗಿಯ ಮೌನೇಶ ಬಡಿಗೇರ ನನ್ನನ್ನು ಬೇವಿನ ತೊಲೆಗಳಿಂದ ಮಾಡಿದ. ನೇಕಾರ ಮುರಿಗೆಪ್ಪ ತನ್ನ ಮನೆಯ ನೆಲದಲ್ಲಿ ಕುಣಿ ತೋಡಿ, ಅದರ ಮೇಲೆ ನನ್ನನ್ನು ಹೂಡಿದ. ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ತುಳಿದರೆ ನಾನು ಬಾಯಿ ತೆರೆಯುತ್ತಿದ್ದೆ, ಎಳೆಗಳ ನಡುವೆ ನೂಲಿನ ಲಾಳಿ ಓಡುತ್ತಿತ್ತು. ಮೂವತ್ತೆರಡು ವರ್ಷ ಹೀಗೇ ಇಳಕಲ್ ಸೀರೆ ನೇಯ್ದೆವು. ಕೊನೆಗೆ ಅವನ ಮೊಣಕಾಲು ಸೋತವು. ಕುಣಿಯಿಂದ ಮೇಲೇಳಲು ಹೆಂಡತಿ ರಟ್ಟೆ ಹಿಡಿಯಬೇಕಾಯಿತು. ಅವನು ನೇಯುವುದನ್ನು ಬಿಟ್ಟ.

ಅವನ ಸೀರೆಗಳನ್ನು ಮಾರುತ್ತಿದ್ದವಳು ಹುಬ್ಬಳ್ಳಿಯ ಸುನಂದಾ. ಅಂಗಡಿಯಲ್ಲಿ ಫೋನು ನಿಲ್ಲಿಸಿಕೊಂಡು ದಿನಾ ಲೈವ್ ಬರುತ್ತಿದ್ದಳು. ಹಿಂದೆ ಕಬ್ಬಿಣದ ರ್‍ಯಾಕು, ಮೇಲೆ ಟ್ಯೂಬ್‌ಲೈಟು. ಕೈಮಗ್ಗದ ಸೀರೆ ತೋರಿಸಿದರೂ ನೋಡುವವರು 'ಇದು ಮಷೀನಿನದು' ಎಂದು ಬರೆಯುತ್ತಿದ್ದರಂತೆ. ನನ್ನನ್ನು ಕೊಂಡುಕೊಳ್ಳಲು ಬಂದ ದಿನ ಮುರಿಗೆಪ್ಪನ ಮುಂದೆ ಇದನ್ನು ಹೇಳಿಕೊಂಡು ಅತ್ತಳು.

ಹುಬ್ಬಳ್ಳಿಯ ಅವಳ ಅಂಗಡಿಗೆ ಸೆಟ್ ಹಾಕುವವನು ಬಂದ. ಗೋಡೆಗೆ ಮಣ್ಣಿನ ಬಣ್ಣ, ಮೂಲೆಗೆ ಹಳದಿ ದೀಪ, ನಡುವೆ ನಾನು. ಟೈಲ್ಸ್ ನೆಲದಲ್ಲಿ ಕುಣಿ ಎಲ್ಲಿಂದ ಬರಬೇಕು? ಸಿಮೆಂಟ್ ಇಟ್ಟಿಗೆಗಳ ಮೇಲೆ ನನ್ನನ್ನು ನಿಲ್ಲಿಸಿದರು. ಅರ್ಧ ನೇಯ್ದ ಸೀರೆಯೊಂದನ್ನು ಮೊಳೆ ಹೊಡೆದು ಬಿಗಿದರು. ಲಾಳಿ ಬೀಳದಂತೆ ಅಂಟು ಹಾಕಿದರು.

ಅದೇ ಸುನಂದಾ, ಅದೇ ಮಾತು. ಈಗ ಎಲ್ಲರೂ ನಂಬಿದರು. ಬೇಡಿಕೆ ಎಷ್ಟು ಬಂತೆಂದರೆ ಕಮತಗಿಯ ಉಳಿದ ನೇಕಾರರಿಗೆ ಪೂರೈಸಲಾಗಲಿಲ್ಲ. ಮೊದಲು ಒಂದು ಗಂಟು ಮಷೀನಿನ ಸೀರೆ ಬಂತು. ಆಮೇಲೆ ಬರೀ ಅದೇ ಬಂತು. ಅವಳು ನನ್ನ ಮುಂದೆಯೇ ಅವನ್ನು ಬಿಚ್ಚಿ 'ಕೈಮಗ್ಗದ್ದು' ಎನ್ನುತ್ತಿದ್ದಳು. ನಾನು ಸುಮ್ಮನೆ ನಿಂತೇ ಸಾಕ್ಷಿ ಹೇಳುತ್ತಿದ್ದೆ. ನೇಯುತ್ತಿದ್ದಾಗಲೂ ನಾನು ಇಷ್ಟು ದಣಿದಿರಲಿಲ್ಲ.

ದೀಪಾವಳಿಯ ಮುಂಚೆ ಅವಳು ಮುರಿಗೆಪ್ಪನನ್ನು ಕರೆಸಿದಳು. "ಅಜ್ಜಾರ, ಬರೇ ಕುಂದರ್ರಿ. ಮಂದಿ ನಿಮ್ಮನ್ನ ನೋಡ್ಲಿ, ಸಾಕು."

ಅವನು ಕೂತ. ಕಾಲಿಡಲು ಜಾಗವಿಲ್ಲದೆ ನೋಯುವ ಮೊಣಕಾಲನ್ನು ಪಕ್ಕಕ್ಕೆ ಮಡಿಸಿಕೊಂಡ. ನನ್ನ ತೊಲೆಯ ಮೇಲೆ ಕೈಯಿಟ್ಟ. ಫೋನಿನಲ್ಲಿ ಯಾರೋ ಕೇಳಿದ್ದನ್ನು ಸುನಂದಾ ಗಟ್ಟಿಯಾಗಿ ಓದಿದಳು: "ಈ ಸೀರೆ ಅಜ್ಜಾರು ನೇಯ್ದಿದ್ದಾ?"

ಮುರಿಗೆಪ್ಪ ಆ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದ.

"ಇಲ್ಲವ್ವಾ, ನಂದಲ್ಲ. ಇದು ಕೈಮಗ್ಗದ್ದ ಅಲ್ಲ."

ಅವಳು ಫೋನು ಮಗುಚಿ ಹಾಕಿದಳು. "ನಿಮ್ಮ ಖರೇ ಸೀರೀ ಹಿಡಕೊಂಡು ಎರಡು ವರ್ಷ ಒದರಿದೆ. ಒಬ್ಬರರ ನಂಬಿದ್ರೇನ್ರಿ? ಆಗ ನೀವು ಎಲ್ಲಿದ್ರಿ?"

ಮುದುಕ ಸೀರೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ನೀ ಹೇಳೂದು ಖರೇ ಐತಿ ಮಗಳ. ಆದ್ರ ಅವರು ಕೇಳಿದ್ರು. ಸೆರಗು ಕೈಯಾಗಿತ್ತು. ಏನಂತ ಹೇಳ್ಲಿ?"

ಅವನನ್ನು ಬಸ್ಸಿಗೆ ಹತ್ತಿಸಿ ಬಂದವಳು ಅಂಗಡಿಯ ನೆಲದ ಮೇಲೆಯೇ ಕೂತುಬಿಟ್ಟಳು. ಬೈಗುಳ ಬಂದವು. ಸೀರೆಗಳು ವಾಪಸು ಬಂದವು. ಒಂದನ್ನೂ ಬೇಡವೆನ್ನದೆ ತೆಗೆದುಕೊಂಡಳು. ಒಂದು ದಿನ ತಾನೇ ಮೊಳೆ ಕಿತ್ತು ನನ್ನನ್ನು ಬಿಚ್ಚಿದಳು.

ಈಗ ನಾನು ಹಿಂದಿನ ಕೋಣೆಯಲ್ಲಿ ಬಿಡಿಬಿಡಿಯಾಗಿ ಗೋಡೆಗೆ ಒರಗಿದ್ದೇನೆ. ಮುಂದಿನಿಂದ ಅವಳ ದನಿ ಕೇಳಿಸುತ್ತದೆ. "ಈ ಗಂಟು ಮಷೀನಿಂದು. ಈ ನಾಕು ಕೈಮಗ್ಗದ್ದು." ನೋಡುವವರು ಬೆರಳೆಣಿಕೆಯಷ್ಟು. ಒಮ್ಮೊಮ್ಮೆ ಅವಳು ಮಾತಿನ ನಡುವೆ ನಿಂತುಬಿಡುತ್ತಾಳೆ. ಯಾರೋ ಅನುಮಾನಪಟ್ಟು ಬರೆದಿರಬೇಕು. ಎದ್ದು ಹೋಗಿ ಅವಳ ಹಿಂದೆ ನಿಲ್ಲೋಣವೆಂದು ನನಗೆ ಅನ್ನಿಸುತ್ತದೆ. ಆದರೆ ನಾನು ನಿಂತರೆ ಮಂದಿ ನಂಬುವುದು ನನ್ನನ್ನು, ಅವಳನ್ನಲ್ಲ.

ಅವಳು ಇನ್ನೊಮ್ಮೆ ಹೇಳುತ್ತಾಳೆ. "ಕೈಮಗ್ಗದ್ದರೀ. ಇದು ಖರೇನ ಕೈಮಗ್ಗದ್ದು."