ಮಹಾದೇವಮ್ಮನ ಅರ್ಧ ಮುದ್ದೆ

ಮಧುವನಹಳ್ಳಿಯ ಸದಾಶಿವಪ್ಪನವರ ಮನೆಯ ಮಾತು ಬೀದಿ ನಲ್ಲಿಯವರೆಗೂ ಬಂದಿತ್ತು. ಅದು ೨೦೦೨ನೇ ಇಸವಿ, ಅವರೆಕಾಯಿಯ ಕಾಲ. ಸೊಸೆ ಶೃತಿ ಬಿಂದಿಗೆ ಹಿಡಿದು ಹೋದರೆ ಸಾಕು, ಹೆಂಗಸರು ಮಾತು ನಿಲ್ಲಿಸಿಬಿಡುತ್ತಿದ್ದರು. ಎರಡು ದಿನ ಅವಳಿಗೆ ಏನೂ ತಿಳಿಯಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಗುರುಸಿದ್ದಮ್ಮ ಮುಖದ ಮೇಲೇ ಕೇಳಿದಳು.

"ಏನಮ್ಮಿ, ನಿಮ್ಮಟ್ಟೀಲಿ ರಾಗಿಗೆ ಬರ ಬಂದದಾ? ಅತ್ತೆಗೆ ಅರ್ಧ ಮುದ್ದೆ ಇಕ್ತೀಯಂತೆ?"

"ಯಾರಕ್ಕ ಅಂಗಂದಿದ್ದು?"

"ಇನ್ಯಾರು? ನಿಮ್ಮತ್ತೇನೇ. ಜಗಲಿ ಮ್ಯಾಲೆ ಕುಂತ್ಕಂಡು ಕಣ್ಣಲ್ಲಿ ನೀರ್ ಆಕಂಡು ಏಳುದ್ರು."

ಆ ಸೀಮೆಯಲ್ಲಿ ಕಳೆ ಕೀಳಲು ಬಂದವರಿಗೂ ಯಾರೂ ಮುದ್ದೆ ಮುರಿದು ಅರ್ಧ ಇಕ್ಕುವುದಿಲ್ಲ. ಅಂಥದ್ದರಲ್ಲಿ ಮನೆಯ ಹಿರಿಯಳಿಗೇ ಅರ್ಧ ಇಕ್ಕಿದಳೆಂಬ ಮಾತು! ಶೃತಿ ತುಂಬಿದ ಬಿಂದಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದಳು.

ಅವಳು ಯಳಂದೂರು ಕಡೆಯ ಹೆಣ್ಣು. ಮದುವೆಯಾಗಿ ಎರಡು ವರ್ಷ. ಅತ್ತೆ ಮಹಾದೇವಮ್ಮನಿಗೆ ದಿನವೂ ಇಡೀ ಮುದ್ದೆಯನ್ನೇ ಇಕ್ಕುತ್ತಿದ್ದಳು. ತಟ್ಟೆಯ ಎಡಗಡೆಗೆ ಅವರೆಕಾಳಿನ ಪಲ್ಯ. ಆದರೆ ಈಚೆಗೆ ದಿನವೂ ಅರ್ಧ ಮುದ್ದೆ ಹಾಗೇ ಉಳಿಯುತ್ತಿತ್ತು, ದಾರ ಎಳೆದು ಕೊಯ್ದಂತೆ. ಪಲ್ಯವನ್ನಂತೂ ಬೆರಳಲ್ಲಿ ಸಹ ಮುಟ್ಟುತ್ತಿರಲಿಲ್ಲ. ಎಡಗಡೆ ನಿಂತು "ಅತ್ತೆ" ಎಂದು ಕರೆದರೆ ತಿರುಗುತ್ತಲೂ ಇರಲಿಲ್ಲ. ತನ್ನ ಅಡುಗೆ ಸೇರುತ್ತಿಲ್ಲ, ಅದಕ್ಕೇ ಈ ಬಿಗುಮಾನ ಎಂದು ಶೃತಿ ಒಳಗೇ ಕುದಿಯುತ್ತಿದ್ದಳು.

ಮನೆಗೆ ಬಂದರೆ ಅಲ್ಲಿ ತೀರ್ಮಾನವೇ ಆಗಿಹೋಗಿತ್ತು. ಮಾವ ಸದಾಶಿವಪ್ಪ ಜಗಲಿಯ ಮೇಲೆ ಕೂತು ಮಗನಿಗೆ ಹೇಳುತ್ತಿದ್ದರು.

"ಕುಮಾರ, ನಾಳೆ ಮೊದಲ್ನೆ ಬಸ್ಸಿಗೆ ಇವಳ್ನ ಅವರಪ್ಪನ ಅಟ್ಟಿಗೆ ಬುಟ್ಟು ಬಾ. ಹೆತ್ತವ್ವನ ಹೊಟ್ಟೆ ಒಣಗ್ಸೋಳು ನಮಗ ಬ್ಯಾಡ."

ಕುಮಾರಸ್ವಾಮಿ ತಲೆ ಎತ್ತಲಿಲ್ಲ. ಶೃತಿ ಮಾವನ ಮುಂದೆ ಬಂದು ನಿಂತಳು. "ನಾನು ಪೂರ್ತಿನೇ ಇಕ್ಕಿವ್ನಿ ಮಾವ. ಬಿಡೋದು ಅತ್ತೇನೇ."

"ಸುಳ್ಳು ಏಳಬ್ಯಾಡ ಕಣಮ್ಮಿ," ಎಂದರು ಮಹಾದೇವಮ್ಮ. "ನನ್ ಕಣ್ಣೇನ್ ಇಂಗೋಗಿದ್ದಾವಾ?"

ಅಷ್ಟು ಹೊತ್ತಿಗೆ ನರ್ಸಮ್ಮ ರಾಚಮ್ಮ ಚೀಲ ಹೆಗಲಿಗೆ ಹಾಕಿಕೊಂಡು ಬಂದರು. ಬೀದಿಯ ಮಕ್ಕಳಿಗೆ ಲಸಿಕೆ ಹಾಕಲು ಬಂದವರು, ಜೋರು ಮಾತು ಕೇಳಿ ಒಳಗೆ ಕಾಲಿಟ್ಟಿದ್ದರು. ಹಿಂದೆಯೇ ಗುರುಸಿದ್ದಮ್ಮ. ರಾಚಮ್ಮನ ಕಣ್ಣು ಮೊದಲು ಹೋದದ್ದು ಮಹಾದೇವಮ್ಮನ ಹಣೆಗೆ.

"ಅಮ್ಮ, ಇಬೂತಿ ಯಾಕ ಬಲಗಡೆಗೆ ಮಾತ್ರ ಧರಿಸಿದ್ದೀರಿ?"

"ಹಣೆ ತುಂಬಾ ಧರಿಸಿವ್ನಲ್ಲವ್ವ!"

ಗುರುಸಿದ್ದಮ್ಮ ಕಿಸಕ್ಕೆಂದಳು. ರಾಚಮ್ಮ ನಗಲಿಲ್ಲ. "ಶೃತಿ, ಎಲ್ಲಾರ ಮುಂದೆ ಅತ್ತೆಗೆ ಊಟಕ್ಕೆ ಇಕ್ಕು. ಯಾರೂ ಮಾತಾಡಬ್ಯಾಡಿ, ಸುಮ್ನೆ ನೋಡಿ."

ಶೃತಿ ಇಡೀ ಮುದ್ದೆ ಇಕ್ಕಿ ಸಾರು ಬಿಟ್ಟಳು. ಎಡಗಡೆಗೆ ಪಲ್ಯ. ಮಹಾದೇವಮ್ಮ ಹಸಿದಿದ್ದರು, ಗಬಗಬನೆ ನುಂಗಿದರು. ಬಲಗಡೆಯ ಅರ್ಧ ಮುಗಿಯಿತು. ಕೈ ನಿಂತಿತು. ತಟ್ಟೆಯ ಬಲಭಾಗವನ್ನು ಬೆರಳಿನಿಂದ ಬಳಿದು ನೆಕ್ಕಿದರು.

"ನೋಡಿದ್ರಾ? ಇಷ್ಟೇ ಇಕ್ಕೋದು. ಪಲ್ಯ ಅಂತೂ ಕಂಡು ಎಷ್ಟ್ ದಿನ ಆಯ್ತೋ."

ಅರ್ಧ ಮುದ್ದೆ ಅವರ ಮುಂದೆಯೇ ಇತ್ತು. ಪಲ್ಯದಿಂದ ಇನ್ನೂ ಹಬೆ ಏಳುತ್ತಿತ್ತು.

"ಲೇ, ಕಣ್ ಮುಂದೇನೇ ಅದಲ್ಲೇ!" ಸದಾಶಿವಪ್ಪ ಕೂಗಿಯೇಬಿಟ್ಟರು.

ರಾಚಮ್ಮ ಕೈ ಎತ್ತಿ ಅವರನ್ನು ತಡೆದರು. ಬಗ್ಗಿ, ತಟ್ಟೆಯನ್ನು ಕೂತಲ್ಲೇ ಅರ್ಧ ಸುತ್ತು ತಿರುಗಿಸಿದರು. ಎಡಗಡೆ ಇದ್ದದ್ದು ಬಲಗಡೆಗೆ ಬಂತು.

ಮಹಾದೇವಮ್ಮ ಬೆಚ್ಚಿ ಹಿಂದಕ್ಕೆ ಸರಿದರು. "ಅಯ್ಯೋ ಸಿವನೇ! ಇದ ಯಾವಾಗ ಇಕ್ಕಿದೆಯಮ್ಮಿ?"

ತನ್ನ ಮೇಲಿನ ಅಪವಾದ ಕಳೆಯಿತೆಂಬುದು ಆಗ ಶೃತಿಯ ನೆನಪಿಗೇ ಬರಲಿಲ್ಲ. ಇಷ್ಟು ದಿನ ಈ ಮುದುಕಿ ತುಂಬಿದ ತಟ್ಟೆಯ ಮುಂದೆ ಕೂತು ಹಸಿದಿದ್ದಳಲ್ಲ, ತಾನು ಅದನ್ನೇ ಜಂಬ ಎಂದುಕೊಂಡೆನಲ್ಲ!

ಗುರುಸಿದ್ದಮ್ಮ ಬಾಗಿಲ ತನಕ ಹಿಂದೆ ಸರಿದಿದ್ದಳು. "ಗಾಳಿ ಕಣ್ರವ್ವ ಇದು! ಯಾವ್ದೋ ಗಾಳಿ ಸೇರ್ಕಂಡದೆ!"

"ಗಾಳಿನೂ ಇಲ್ಲ, ದೆವ್ವನೂ ಇಲ್ಲ. ಬಾಯಿ ಮುಚ್ಕಂಡು ಕುಂತ್ಕೊ," ಎಂದರು ರಾಚಮ್ಮ. "ಈಚೆಗೆ ಇವರಿಗೆ ತಲೆ ತಿರುಗಿದ್ದು, ಬಿದ್ದಿದ್ದು ಏನಾರ ಉಂಟಾ?"

ಕುಮಾರಸ್ವಾಮಿ ಮೆಲ್ಲಗೆ ಬಾಯಿಬಿಟ್ಟ. "ಹತ್ತು ದಿನದ ಹಿಂದೆ ಕೊಟ್ಟಿಗೇಲಿ ಕುಸ್ದು ಕುಂತಿದ್ರು. ಬಾಯಿ ಒಂದು ಕಡೆಗೆ ಎಳ್ಕಂಡಿತ್ತು. ಎಡಗೈ ಎತ್ತಕ್ಕೆ ಆಯ್ತಿರ್ಲಿಲ್ಲ. ಅಪ್ಪ ತಾಯತ ಕಟ್ಸಿದ್ರು, ನಾವು ಎಣ್ಣೆ ತಿಕ್ಕಿದ್ವಿ. ಸಂಜೆಗೆ ಬಾಯಿ ನೆಟ್ಟಗಾಯ್ತು. ಸುಮ್ಕಾದ್ವಿ."

"ಸುಮ್ಕಾದ್ರಾ?" ರಾಚಮ್ಮನ ದನಿ ಏರಿತು. "ಅದು ಲಕ್ವ ಕಣ್ರಪ್ಪಾ! ಮಿದುಳಿಗೆ ರಕ್ತ ಓಯ್ತಿದ್ದ ನಾಳ ಕಟ್ಕಂಡದೆ. ನಮ್ಮಪ್ಪನ್ಗೂ ಇಂಗೇ ಆಗಿತ್ತು, ಅರ್ಧ ಗಡ್ಡ ಬೋಳಿಸ್ಕಂಡು ಬಂದು ನಿಂತಿತ್ತು."

ಸದಾಶಿವಪ್ಪ ಒಪ್ಪಲಿಲ್ಲ. "ಕಣ್ಣು ನೆಟ್ಟಗವ್ವೆ ನರ್ಸಮ್ಮ. ನಿನ್ನೆ ತಾನೇ ಅಕ್ಕೀಲಿ ಕಲ್ಲು ಆರಿಸಿದ್ಲು."

"ಕಣ್ಣು ನೆಟ್ಟಗೇ ಇರಬೋದು. ಕಣ್ಣು ತಂದುಕೊಟ್ಟಿದ್ದನ್ನ ಗ್ಯಾನಕ್ಕೆ ತಕಳೋದು ಮಿದುಳು. ಬಲಗಡೆ ಮಿದುಳಿಗೆ ಏಟು ಬಿದ್ರೆ ಕೆಲವರಿಗೆ ಎಡಗಡೆಯ ಗ್ಯಾನವೇ ಓಯ್ತದೆ. ಯಜಮಾನ್ರೇ, ಈಗ ನಿಮ್ಮ ಬೆನ್ನ ಹಿಂದೆ ಕತ್ತಲೆ ಕಾಣ್ತದಾ?"

"ಬೆನ್ನ ಹಿಂದೆ ಏನ್ ಕಂಡಾತು? ಏನೂ ಕಾಣಾಕಿಲ್ಲ."

"ಕಾಣ್ತಿಲ್ಲ ಅಂತ ಚಿಂತೆನೂ ಇಲ್ಲ, ಅಲ್ವಾ? ಇವರಿಗೆ ಎಡಗಡೆ ಅಂಗೇ ಆಗದೆ. ಅಲ್ಲೊಂದು ಕಡೆ ಅದೆ ಅನ್ನೋದೇ ಗೊತ್ತಿಲ್ಲ."

ಸದಾಶಿವಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದರು. ಹೆಂಡತಿಯ ಹಣೆ ನೋಡಿದರು. "ಅಂಗಾರೆ ಸುಳ್ಳು ಏಳಿದ್ದು ಯಾರು?"

"ಯಾರೂ ಇಲ್ಲ. ಇಕ್ಕಿದೋಳೂ ನಿಜ ಏಳವ್ಳೆ, ಉಂಡೋರೂ ನಿಜ ಏಳವ್ರೆ."

ರಾಚಮ್ಮ ಬಿ.ಪಿ. ನೋಡಿದರು. ಬಹಳ ಏರಿತ್ತು. "ಈಗ್ಲೇ ಕೊಳ್ಳೇಗಾಲಕ್ಕೆ ಹೊರಡಿ. ಇನ್ನೊಂದು ಏಟು ಬಿದ್ರೆ ಜೀವಕ್ಕೇ ಸಂಚಕಾರ."

ಸದಾಶಿವಪ್ಪ ಎದ್ದರು. ಬಾಗಿಲಲ್ಲಿ ನಿಂತು, "ಶೃತಿ, ನೀನೂ ಬಾರವ್ವ. ಎಡಗಡೆ ಕುಂತ್ಕಂಡು ಇಡ್ಕೊ," ಎಂದರು.

ದೊಡ್ಡಾಸ್ಪತ್ರೆಯ ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಬರೆದರು, ತಲೆಯ ಚಿತ್ರ ತೆಗೆಸಲು ಮೈಸೂರಿಗೂ ಕಳಿಸಿದರು. ಊರಿಗೆ ಬಂದ ಮೇಲೆ ರಾಚಮ್ಮ ಹೇಳಿಕೊಟ್ಟಂತೆ ಶೃತಿ ತಟ್ಟೆಯ ಎಡ ಅಂಚಿಗೆ ಕೆಂಪು ಬಣ್ಣ ಹಚ್ಚಿದಳು. "ಕೆಂಪು ಸಿಕ್ತಾ ಅತ್ತೆ? ಸಿಗಗಂಟ ಕತ್ತು ತಿರುಗ್ಸಿ," ಎಂದು ದಿನವೂ ಪಕ್ಕದಲ್ಲಿ ಕೂತು ಉಣಿಸಿದಳು. ಮೂರು ತಿಂಗಳಾಯಿತು. ಈಗಲೂ ಒಮ್ಮೊಮ್ಮೆ ಅವರ ಎಡ ಭುಜ ಬಾಗಿಲ ಚೌಕಟ್ಟಿಗೆ ತಗಲುತ್ತದೆ. ಆದರೆ ಮಹಾದೇವಮ್ಮ ತಾವೇ ಕೋಲೂರಿಕೊಂಡು ಗುರುಸಿದ್ದಮ್ಮನ ಮನೆಗೆ ಹೋಗಿ ಹೇಳಿದರು: "ನನ್ ಸೊಸೆ ಪೂರ್ತಿ ಇಕ್ಕಿದ್ಲು ಕಣೇ. ನನ್ ತಲೆ ನಂಗೇ ಮೋಸ ಮಾಡ್ತು. ಯಾರ್ ಯಾರಿಗೆ ಚಾಡಿ ಏಳಿದ್ದಯೋ ಅವರಿಗೆಲ್ಲ ಇದ್ನೂ ಏಳು."

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ, ಅದು ಮಿದುಳಿಗೆ ಬಿದ್ದ ಏಟು. ಬಾಯಿಗೆ ನೀರು, ಔಷಧ ಹಾಕಬೇಡಿ. ಸಂಜೆಗೆ ಸರಿಹೋಯಿತೆಂದು ಸುಮ್ಮನಾಗಬೇಡಿ. ತಾಯತ ಕಟ್ಟುವವರು ಆಮೇಲೆ ಕಟ್ಟಿಕೊಳ್ಳಿ, ಮೊದಲು ಗಾಡಿ ಹತ್ತಿಸಿ. ಮನೆಯ ಹಿರಿಯರ ನಡತೆ ಥಟ್ಟನೆ ಬದಲಾದರೆ ಹಟವೆಂದು ಬೈಯುವ ಮುಂಚೆ ನರ್ಸಮ್ಮನಿಗೆ ತೋರಿಸಿ. ನಲವತ್ತು ದಾಟಿದವರೆಲ್ಲ ಬಿ.ಪಿ. ನೋಡಿಸಿಕೊಳ್ಳಿ. ಮಹಾದೇವಮ್ಮ ಹತ್ತು ದಿನ ಕಳೆದುಕೊಂಡರು. ನೀವು ಒಂದು ಗಳಿಗೆಯನ್ನೂ ಕಳೆಯಬೇಡಿ.