ಅಟ್ಟದ ಕಾಯಿ, ಆಕಾಶದ ಕತ್ತಲು

ಕಣ್ಣು ಪೂರ್ತಿ ಹೋದ ಮೇಲೆ ಗುರುಸಿದ್ದಮ್ಮನಿಗೆ ಇದು ಮೊದಲ ಸುಗ್ಗಿ. ಅಟ್ಟದಲ್ಲಿ ವರ್ಷವಿಡೀ ಒಣಗಿದ ತೆಂಗಿನಕಾಯಿಗಳಲ್ಲಿ ಯಾವುದು ಕೊಬ್ಬರಿಯಾಗಿದೆ, ಯಾವುದಕ್ಕೆ ಇನ್ನೂ ದಿನ ಬೇಕು ಎಂದು ಆರಿಸುವುದರಲ್ಲಿ ಹೊನ್ನವಳ್ಳಿಗೇ ಅವಳು ಎತ್ತಿದ ಕೈ. ಈ ಸಲ ಮಗ ಪರಮೇಶ್, "ನೀನು ಸುಮ್ಕೆ ಕುತ್ಕೊ ಕಣವ್ವ, ನಾನೇ ಆರಿಸ್ತೀನಿ" ಎಂದುಬಿಟ್ಟ. ಅಕ್ಕರೆಯಿಂದಲೇ ಅಂದದ್ದು. ಆದರೂ, ಮಿಕ್ಸಿ ಬಂದ ಮನೆಯ ಒರಳುಕಲ್ಲಾದೆನಲ್ಲ ಎಂದು ಅವಳಿಗೆ ಅಳು ಬಂತು.

ಸಂಜೆ ಜಗಲಿಯಲ್ಲಿ ಮೊಮ್ಮಗಳು ಇಂಪನಾ ನಾಳೆಯ ಪಾಠ ಓದಿಕೊಳ್ಳುತ್ತಿದ್ದಳು. ತಿಪಟೂರಿನ ಕಾಲೇಜಿನಲ್ಲಿ ಅವಳು ಭೌತಶಾಸ್ತ್ರದ ಮೇಡಂ.

"ಏನೇ ಅದು?"

"ಆಕಾಶದ್ದು ಅಜ್ಜಿ. ಸೂರ್ಯ, ನಕ್ಷತ್ರ, ನಮ್ ತೋಟ, ನಾವು, ಎಲ್ಲಾ ಸೇರುದ್ರೂ ಇರೋದ್ರಲ್ಲಿ ನೂರಕ್ಕೆ ಐದೇ ಪಾಲು. ಮಿಕ್ಕಿದ್ದು ಯಾವ ದುರ್ಬೀನಿಗೂ ಕಾಣಲ್ಲ."

"ಕಾಣ್ದೇ ಇರೋದು ಐತೆ ಅಂತ ಹೆಂಗೆ ಹೇಳ್ತಾರೆ?"

"ನಕ್ಷತ್ರದ ಗುಂಪುಗಳು ತಿರುಗೋ ಜೋರಿಗೆ ಅಂಚಿನವು ಯಾವತ್ತೋ ಸಿಡಿದು ಹೋಗ್ಬೇಕಿತ್ತು. ಹೋಗಿಲ್ಲ. ಕಾಣ್ದೇ ಇರೋದು ಏನೋ ಹಿಡ್ಕೊಂಡೈತೆ. ಕಾಣ್ದೇ ಇರೋ ಇನ್ನೊಂದು, ಆ ಗುಂಪುಗಳ್ನ ದೂರ ದೂರ ತಳ್ತಾ ಐತೆ. ಹೋಗ್ತಾ ಹೋಗ್ತಾ ಇನ್ನೂ ಜೋರು."

ಗುರುಸಿದ್ದಮ್ಮನ ಮೈ ಜುಮ್ಮೆಂದಿತು. ಅಷ್ಟು ದೊಡ್ಡ ಕತ್ತಲು, ಅದರ ಹಿಡಿತದಲ್ಲಿ ಅಷ್ಟು ಬೆಳಕು!

"ಹಂಗಾರೆ ಕಣ್ಣಿರೋರೂ ನನ್ನಂಗೇ ಅನ್ನು," ಎಂದಳು.

ಇಂಪನಾ ಪುಸ್ತಕ ಮಡಚಿಟ್ಟಳು.

ಗುರುಸಿದ್ದಮ್ಮ ಗೋಡೆ ಹಿಡಿದು ಒಳಗೆ ಹೋದಳು, ಹಿಂದೆಯೇ ಇಂಪನಾ. ಪೇಟೆಯ ಅಂಗಡಿಯಲ್ಲಿ ಬಟ್ಟೆ ಅಳೆಯುವ ಪರಮೇಶ್ ಬಟ್ಟೆಯ ಹಾಗೆಯೇ ಬಣ್ಣ ನೋಡಿ, ಅಟ್ಟದಿಂದ ಇಳಿಸಿದ ಕಾಯಿ ಆರಿಸುತ್ತ ಕೂತಿದ್ದ. ಅವನು ಆಗಿದೆ ಎಂದು ಎತ್ತಿಟ್ಟ ರಾಶಿಯಿಂದ ಒಂದನ್ನು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಇದ್ರಾಗೆ ನೀರೈತೆ."

"ಎಷ್ಟು ಚೆನ್ನಾಗಿ ಒಣಗೈತೆ, ನೋಡವ್ವ..." ಎಂದವನು ನಾಲಿಗೆ ಕಚ್ಚಿಕೊಂಡ. ಕಾಯಿ ಸುಲಿದು ಒಡೆದ. ನೀರು ಅವನ ಕಾಲ ಮೇಲೆಯೇ ಚೆಲ್ಲಿತು.

ಪರಮೇಶ್ ಇಡೀ ರಾಶಿಯನ್ನು ಅವ್ವನ ಮುಂದಕ್ಕೆ ತಳ್ಳಿ, ಮಣೆ ಹಾಕಿದ.

ಗುರುಸಿದ್ದಮ್ಮ ಇನ್ನೊಂದು ಕಾಯಿ ಎತ್ತಿದಳು. ಒಳಗೆ ನೀರೆಲ್ಲ ಆರಿ ಚಿಪ್ಪು ಬಿಟ್ಟ ಕೊಬ್ಬರಿ ಗಡಗಡ ಉರುಳಿತು. ಅದನ್ನು ಕಿವಿಯಿಂದ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ.

"ಇಂಪನಾ, ಆಕಾಶದ್ದನ್ನ ಯಾರಾರ ಹಿಂಗೆ ಅಲ್ಲಾಡ್ಸಿ ಕೇಳವ್ರಾ?"

"ಇನ್ನೂ ಇಲ್ಲ ಅಜ್ಜಿ. ಹುಡುಕ್ತಾ ಅವ್ರೆ."

"ಕಣ್ಣು ಮುಚ್ಕೊಂಡು ಹುಡುಕಾಕೆ ಹೇಳು," ಎಂದು ಅವಳು ಮುಂದಿನ ಕಾಯಿಗೆ ಕೈ ಚಾಚಿದಳು.