ಪಟ್ಟಿಯೋ, ಪೂರ್ತಿಯೋ

ಹೋಗುವುದಿಲ್ಲವೋ, ನೋಡೇ ಬಿಡೋಣ, ಸೋಪಿನ ನೀರಿಗೆ ಬಗ್ಗದ ಕಲೆಯನ್ನು ಮಾವಿಸ್ ಗ್ರೀನ್‌ವುಡ್ ಎಪ್ಪತ್ತೊಂದು ವರ್ಷದಲ್ಲಿ ಕಂಡಿಲ್ಲ, ಬ್ರಷ್ ಅದ್ದಿ ಮತ್ತೆ ತಿಕ್ಕಿದಳು, ಮೇಲಿನಿಂದ ಹತ್ತು ಮೆಟ್ಟಿಲಾಯಿತು, ಇನ್ನು ಮೂರು, ನಡುವೆ ಹಾಸಿದ ಹಳೇ ಕೆಂಪು ಕಾರ್ಪೆಟ್ ಪಟ್ಟಿಯ ಆಚೆ ಗೋಡೆಯ ಬದಿಯ ಮರದ ಬಣ್ಣ ಹಾಲಿನಂತೆ ಬೆಳ್ಳಗಾಗಿದೆ, ಕಟಾಂಜನದ ಬದಿ ಮಾತ್ರ ಮೊಂಡು — ಹನ್ನೊಂದಕ್ಕೆ ಟ್ರೆವರ್ ಅಳತೆಗೆ ಬರುತ್ತಾನೆ, ಹೇಗೂ ಇದನ್ನೆಲ್ಲ ಮುಚ್ಚಿ ಕಾರ್ಪೆಟ್ ಹಾಸುವವನೇ ಅವನು, ಮುಚ್ಚಿ ಹೋಗೋದನ್ನ ಯಾರಾದ್ರೂ ತೊಳೀತಾರೇನೇ ಅಂತ ಗಂಡ ಅರ್ನಾಲ್ಡ್ ಬೆಳಿಗ್ಗೆ ನಕ್ಕ, ನಗಲಿ, ಹ್ಯಾಲಿಫ್ಯಾಕ್ಸ್ ಊರಲ್ಲಿ ಕಾರ್ಪೆಟ್ ಹಾಸುವವನ ಬಾಯಿಗಿಂತ ದೊಡ್ಡ ಡಂಗುರ ಇಲ್ಲ, ಗ್ರೀನ್‌ವುಡ್ ಮನೆಯ ಮೆಟ್ಟಿಲು ಕೊಳಕು ಅಂತ ಅವನು ನಾಲ್ಕು ಮನೆಯಲ್ಲಿ ಹೇಳುವುದು ಬೇಡ. ಪೂರ್ತಿ ಹಾಸುವುದೇ ಸರಿ, ಅದರಲ್ಲಿ ಎರಡು ಮಾತಿಲ್ಲ, ಗೋಡೆಯಿಂದ ಕಟಾಂಜನದವರೆಗೆ, ಬೆರಳು ಮುಳುಗುವಷ್ಟು ದಪ್ಪ ಉಣ್ಣೆ, ಪಾಚಿಯ ಹಸಿರು, ಮರದ ಒಂದು ಎಳೆಯೂ ಕಾಣಬಾರದು. ಪಟ್ಟಿ ಈಗ ಮತ್ತೆ ಬಂದಿದೆಯಂತೆ, ರನ್ನರ್ ಅಂತ ಹೆಸರಿಟ್ಟು ಅಂಗಡಿಯವರು ದುಪ್ಪಟ್ಟು ಕೇಳುತ್ತಾರೆ, ಅಮ್ಮ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು, ಅಮ್ಮನ ಕಾಲಕ್ಕೆ ಪೂರ್ತಿ ಎನ್ನುವುದು ಕಾರ್ಖಾನೆ ಮಾಲೀಕರಿಗೆ, ನಮ್ಮಂಥವರಿಗೆಲ್ಲ ಎರಡಡಿ ಅಗಲದ ಪಟ್ಟಿ, ಅಕ್ಕಪಕ್ಕ ಬಣ್ಣ ಬಳಿದ ಮರ, ಪ್ರತಿ ಈಸ್ಟರ್‌ಗೆ ಅಮ್ಮ ಪಟ್ಟಿ ಹಿಡಿದಿಡುವ ಹಿತ್ತಾಳೆಯ ಸರಳುಗಳನ್ನು ಕಳಚಿ ಅದನ್ನು ನಾಲ್ಕು ಬೆರಳಿನಷ್ಟು ಕೆಳಗೆ ಜಗ್ಗುವಳು, ಸವೆದ ಜಾಗ ಅಂಚಿನಿಂದ ಸರಿದು ಹೊಸದು ತುಳಿತಕ್ಕೆ ಸಿಗಲಿ ಅಂತ, ಹಾಗೆ ಜಗ್ಗಿ ಜಗ್ಗಿಯೇ ಒಂದು ಪಟ್ಟಿಯಲ್ಲಿ ಮೂವತ್ತು ವರ್ಷ ಕಳೆದಳು, ಮಾವಿಸ್‌ಗೆ ಆ ಹಣೆಬರಹ ಸಾಕು.

ಮೇಲೆ ನಲ್ಲಿಯ ಸದ್ದು, ಅರ್ನಾಲ್ಡ್ ಗಡ್ಡ ಮಾಡಿಕೊಳ್ಳುತ್ತಾ ಶಿಳ್ಳೆ ಹಾಕುತ್ತಿದ್ದಾನೆ, ಮತ್ತೆ ಕಿವಿಯ ಕೆಳಗೆ ನಾಲ್ಕು ಕೂದಲು ಬಿಟ್ಟೇ ಬರುತ್ತಾನೆ ಸೋಮಾರಿ. ಭಾನುವಾರ ಊಟಕ್ಕೆ ಬಂದ ಮಗಳು ಜಿಲಿಯನ್‌ಳದ್ದೂ ಇದೇ ಮಾತು, ಅಮ್ಮಾ ದಪ್ಪಗೆ ಪೂರ್ತಿ ಹಾಸ್ಬಿಡು, ಅಪ್ಪ ಬಿದ್ರೂ ಮೆತ್ತಗಿರುತ್ತೆ, ಇಲ್ಲಾಂದ್ರೆ ಅಪ್ಪನ ಮಂಚಾನ ಕೆಳಗೆ ಮುಂದಿನ ಕೋಣೆಗೆ ತಂದ್ಬಿಡೋಣ — ನನ್ನ ಮಂಚ ಕೆಳಗೆ ಬರೋದು ನನ್ನ ಹೆಣದ ಪೆಟ್ಟಿಗೆ ಜೊತೆಗೇ ಕಣಮ್ಮ, ಅಂದ ಅರ್ನಾಲ್ಡ್, ಅನ್ನುತ್ತಲೇ ಮಾಂಸದ ಸಾರನ್ನು ತಟ್ಟೆ ಬಿಟ್ಟು ಮೇಜಿನ ಬಟ್ಟೆಗೆ ಸುರಿದ, ಮಾತಾಡುವಾಗ ಕೈಯ ಮೇಲೆ ಗಮನ ಇಡು ಮಾರಾಯ ಅಂತ ಮಾವಿಸ್ ಗದರಿಸಿದಳು. ಕಣ್ಣಿನ ಆಸ್ಪತ್ರೆಗೆ ಒಬ್ಬನೇ ಹೋಗಿಬಂದ ಮನುಷ್ಯ, ನೀನ್ಯಾಕೆ ಬರ್ತೀಯ, ನಾನೇನು ಮಗುವಾ, ಚೂರು ಮಸುಕು ಅಷ್ಟೇ, ವಯಸ್ಸಿಗೆ ಬರೋದೇ ಅಂದ್ರು ಡಾಕ್ಟ್ರು. ವಯಸ್ಸು ಯಾರನ್ನು ಬಿಟ್ಟಿದೆ, ಆದರೂ ಮಾವಿಸ್‌ಳ ಕಣ್ಣು ಇವತ್ತಿಗೂ ಹದ್ದಿನ ಕಣ್ಣೇ, ಕಾರ್ಪೆಟ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಊನ ಹುಡುಕುವ ಮೇಜಿನ ಮುಂದೆ ನಿಂತವಳು, ಇಪ್ಪತ್ತು ಗಜದಲ್ಲಿ ಒಂದು ಗಂಟು ತಪ್ಪಿದ್ದರೂ ಬೆರಳು ಹೋಗಿ ಅಲ್ಲೇ ನಿಲ್ಲುತ್ತಿತ್ತು — ಬೆರಳು ಈಗಲೂ ನಿಂತಿತು. ಕಲೆಯಲ್ಲ ಇದು. ಬಣ್ಣವೇ ಇಲ್ಲ ಇಲ್ಲಿ, ಸವೆದು ಬರಿಮರ ಎದ್ದಿದೆ, ನುಣ್ಣಗೆ, ಒಂದು ಹಿಮ್ಮಡಿಯಷ್ಟು ಅಗಲ, ಎರಡು ಮೆಟ್ಟಿಲ ನಡುವೆ ನೆಟ್ಟಗೆ ನಿಂತ ಹಲಗೆಯ ಮೇಲೂ ಉದ್ದಕ್ಕೆ ಉಜ್ಜಿದ ಗೀರು, ಮೇಲಿನದರಲ್ಲೂ ಅದೇ, ಅದರ ಮೇಲಿನದರಲ್ಲೂ ಅದೇ ಜಾಗ, ಹತ್ತನ್ನೂ ತೊಳೆದಳಲ್ಲ, ಹತ್ತರಲ್ಲೂ ಇತ್ತು, ತೊಳೆಯುವ ಭರಾಟೆಯಲ್ಲಿ ನೋಡಿದ್ದು ಯಾರು. ನಡುವೆ ಕಾರ್ಪೆಟ್ ಇರುವಾಗ ಮರ ತುಳಿದು ಇಳಿಯುವವರು ಯಾರು. ಎದ್ದು ನಿಂತಳು, ಕಟಾಂಜನ ಹಿಡಿದು ಕಣ್ಣು ಮುಚ್ಚಿ, ಹಿಮ್ಮಡಿಯನ್ನು ಹಲಗೆಗೆ ಉಜ್ಜಿಕೊಂಡು ಕೆಳಗೆ ಬಿಟ್ಟಳು, ಜಾರಿತು, ಜಾರಿತು, ಟಕ್ ಅಂತ ಮರ ಸಿಕ್ಕಿತು, ಕತ್ತಲಲ್ಲೂ ಸಿಗುವ ಮೆಟ್ಟಿಲು.

ಅಯ್ಯೋ ಅರ್ನಾಲ್ಡ್, ಚೂರು ಮಸುಕಲ್ಲ ಅದು, ಮೆಟ್ಟಿಲೇ ಕಾಣುತ್ತಿಲ್ಲ ನಿನಗೆ. ಕ್ರಿಸ್‌ಮಸ್‌ಗೆ ಜಿಲಿಯನ್ ಕೊಟ್ಟ ಮೆತ್ತನೆಯ ಚಪ್ಪಲಿ ಡಬ್ಬಿಯಿಂದ ಹೊರಗೇ ಬಂದಿಲ್ಲ, ಮನೆಯೊಳಗೂ ತೊಗಲಿನ ಅಟ್ಟೆಯ ಶೂ, ಟಕ್ ಟಕ್, ಕುದುರೆ ಹಾಗೆ ಬರ್ತೀಯಲ್ಲೋ ಅಂತ ಎಷ್ಟು ಸಲ ಆಡಿಕೊಂಡಳು, ಪೇಪರು ಓದಿ ಹೇಳೇ ನಿನ್ನ ಗಂಟಲು ಚೆನ್ನಾಗಿದೆ ಅಂದರೆ ಉಬ್ಬಿಹೋಗಿ ಓದಿದಳು, ದೀಪದ ಬುಡದಲ್ಲೇ ಕತ್ತಲೆ, ಊನ ಹುಡುಕುವ ಮಾವಿಸ್, ಥೂ. ಬಣ್ಣ ಒಂದೆರಡು ತಿಂಗಳಲ್ಲಿ ಹೀಗೆ ಸವೆಯುವುದಿಲ್ಲ, ಎರಡು ವರ್ಷವೋ ಮೂರೋ, ಒಬ್ಬನೇ, ಪ್ರತಿ ದಿನ ಬೆಳಿಗ್ಗೆ ಹದಿಮೂರು ಸಲ ಆ ಹಿಮ್ಮಡಿ ಗಾಳಿಗೆ ಇಳಿದು ಮರ ಹುಡುಕಿದೆ, ಮತ್ತು ಅವಳು ಆ ಮರದ ಮೇಲೆ ಬೆರಳು ಮುಳುಗುವ ಹಸಿರು ಹಾಸಲು ಹೊರಟಿದ್ದಳು, ಹಾಸಿದ ಮಾರನೆಯ ದಿನವೇ ಹಿಮ್ಮಡಿಗೆ ಮರ ಸಿಗದೆ ಅವನು ಬೀಳುತ್ತಿದ್ದ, ಬೀಳದಿದ್ದರೆ ಮಂಚ ಕೆಳಗೆ ಬರುತ್ತಿತ್ತು, ಎರಡೂ ಅವನಿಗೆ ಒಂದೇ. ಕರೆಗಂಟೆ ಸದ್ದಾಯಿತು, ಬಾಗಿಲಲ್ಲಿ ಟ್ರೆವರ್, ಕಂಕುಳಲ್ಲಿ ಕಾರ್ಪೆಟ್ ಮಾದರಿ ತುಂಡುಗಳ ಪುಸ್ತಕ, ನಮಸ್ಕಾರ ಮಿಸೆಸ್ ಗ್ರೀನ್‌ವುಡ್, ಪೂರ್ತಿ ತಾನೆ, ಪಾಚಿ ಹಸಿರು? ಅಲ್ಲ, ಪಟ್ಟಿ. ಮೊನ್ನೆ ಫೋನಲ್ಲಿ ಪೂರ್ತಿ ಅಂದ್ರಲ್ಲಾ. ಮೊನ್ನೆದು ಮೊನ್ನೆಗಾಯ್ತು, ಪಟ್ಟಿ, ಈಗಿರೋದಕ್ಕಿಂತ ಮೂರು ಇಂಚು ಸಣ್ಣದು, ಗೋಡೆ ಕಡೆ ಸರಿಸಿ ಹಾಕು, ಕಟಾಂಜನದ ಕಡೆ ಮರ ಜಾಸ್ತಿ ಬಿಡು. ಸೊಟ್ಟ ಕಾಣುತ್ತಮ್ಮಾ, ಯಾರೂ ಹಂಗೆ ಹಾಕ್ಸಲ್ಲ, ನೋಡಿದವ್ರು ನನ್ನ ಕೈಗೆ ಬೈತಾರೆ. ಬೈದ್ರೆ ಮಾವಿಸ್ ಹೇಳಿದ್ಲು ಅನ್ನು, ಕಾರ್ಪೆಟ್ ವಿಷಯ ನಂಗೆ ಹೇಳ್ಕೊಡ್ಬೇಡ, ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆ ನಾನು ಊನ ಹುಡುಕ್ತಿದ್ದೆ. ಹುಡುಕಿದವಳೇ ಈಗ ಬಾಯಾರೆ ಊನ ಕೇಳಿ ತರಿಸುತ್ತಿದ್ದಾಳೆ, ಕೇಳಲಿ, ಊರು ನಗಲಿ, ಅವಳ ಮೆಟ್ಟಿಲು, ಅವಳ ಗಂಡ.

ಏನೇ, ಪೂರ್ತಿ ಅಂದಿದ್ದೆ — ಮೇಲಿಂದ ಅರ್ನಾಲ್ಡ್, ಕಿವಿಯ ಕೆಳಗೆ ಬಿಟ್ಟ ನಾಲ್ಕು ಕೂದಲು, ನಗು, ಕೈ ಕಟಾಂಜನದ ಮೇಲೆ, ಟಕ್, ಒಂದು, ಟಕ್, ಎರಡು — ನೀರು! ಮರವೆಲ್ಲ ಸೋಪಿನ ನೀರು, ಅವಳೇ ತೊಳೆದಿದ್ದು, ಅದೇ ಬದಿ, ಅದೇ ಜಾಗ, ತಡಿ ಅರ್ನಾಲ್ಡ್, ಒದ್ದೆ ಇದೆ, ಅಲ್ಲೇ ನಿಲ್ಲು, ದನಿ ಸರಿಯಾಗೇ ಬಂತು, ಬಯ್ಯುವ ದನಿ, ದಿನದ ದನಿ. ಒಂದು ಕಾಲು ಎತ್ತಿದವನು ಹಾಗೇ ನಿಂತ, ಓ ಹೌದಲ್ಲ, ಹೊಳೀತಿದೆ, ಅಂದ, ಬೇರೆಲ್ಲೋ ನೋಡುತ್ತಾ. ಮಾವಿಸ್ ಮಂಡಿಯೂರಿ ಹತ್ತಿದಳು, ಏಪ್ರನ್ನಿನಿಂದ ಒಂದೊಂದೇ ಮೆಟ್ಟಿಲು ಒರೆಸುತ್ತಾ, ಕೆಳಗೆ ಟ್ರೆವರ್ ಬಾಯಿ ತೆರೆದು ನಿಂತಿದ್ದಾನೆ, ನಿಲ್ಲಲಿ, ನಾಲ್ಕು, ಐದು, ಮಂಡಿ ನೋಯುತ್ತದೆ, ನೋಯಲಿ, ಒಣಗಬೇಕು, ಬೆರಳಿಗೆ ಒಂದು ಹನಿಯೂ ಸಿಗಬಾರದು, ಅವನ ಕೆಳಗಿನ ಮೆಟ್ಟಿಲಿಗೆ ಬಂದಳು. ಗೊತ್ತಾಯ್ತಾ ನಿಂಗೆ, ಅಂದ ಅವನು ಮೆಲ್ಲಗೆ, ಟ್ರೆವರ್‌ಗೆ ಕೇಳದ ಹಾಗೆ. ಅವಳು ಒರೆಸಿದಳು. ಜಿಲಿಯನ್‌ಗೆ ಹೇಳ್ಬೇಡ ಮಾವಿಸ್. ಏನು, ಮೆಟ್ಟಿಲು ಒದ್ದೆ ಇತ್ತು ಅಂತಲಾ, ಹೇಳಲ್ಲ ಬಾ, ಒಣಗಿದೆ — ಅಂಗೈ ತೆಗೆದಳು, ಮೂಗಿನ ಮುಂದೆ ಶೂ, ಹಲಗೆಗೆ ಒತ್ತಿದ ಹಿಮ್ಮಡಿ, ಇಳಿಯುತ್ತಿದೆ, ಹಿಡಿಯಬಾರದು, ಹಿಡಿಯಬಾರದು, ಮರ ಅವನೇ ಹುಡುಕಲಿ, ಇನ್ನೂ ಗಾಳಿಯಲ್ಲಿದೆ ಹಿಮ್ಮಡಿ, ಇನ್ನೂ ಗಾಳಿಯಲ್ಲಿ, ಹಿಮ್ಮಡಿ —